ಯಾವ ಮಗ್ಗುಲು ಕೆಳಗೆ

ನಿನ್ನೆ ಅಚ್ಚಿನಲ್ಲಿಟ್ಟ ಆ ಹೋಳುಗಳ ಯಾವ ಮಗ್ಗುಲು ಕೆಳಗಿತ್ತು ಎಂಬುದು ಅವನಿಗೆ ಬಸ್ಸಿನಲ್ಲಿ ಕೂತ ಮೇಲೂ ನೆನಪಾಗಲಿಲ್ಲ. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ಹೊರಗೆ ನೋಡಿದ. ಅಂಗಡಿಗಳ ಬೋರ್ಡುಗಳೆಲ್ಲ ಹಾಲಿನಲ್ಲಿ ಅದ್ದಿ ತೆಗೆದ ಹಾಗಿದ್ದವು. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿದ. ಅಕ್ಷರಗಳಿದ್ದವು, ಆದರೆ ಒಂದೊಂದು ಅಕ್ಷರದ ಬೆನ್ನಿಗೂ ಒಂದು ನೆರಳು. ಎದುರು ಸೀಟಿನ ಹೆಂಗಸು ಮಗುವನ್ನು ಮಡಿಲಿಗೆ ಎಳೆದುಕೊಂಡು ಮುಖ ಆ ಕಡೆ ತಿರುಗಿಸಿದಳು. ಈ ವಯಸ್ಸಿನಲ್ಲಿ ಕಣ್ಣು ಹೊಡೆಯುತ್ತಾನೆ ಅಂದುಕೊಂಡಳೋ ಏನೋ. ಅವನಿಗೆ ಕಿವಿ ಬಿಸಿಯಾಯಿತು. ತಲೆ ತಗ್ಗಿಸಿ ತನ್ನ ಬೆರಳುಗಳನ್ನೇ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಎಂದಿನಂತೆ ಮೇಣ ಕೂತಿತ್ತು. ಎಷ್ಟು ತಿಕ್ಕಿದರೂ ಹೋಗದ ಮೇಣ. ಅಕ್ಕ ಇದ್ದಾಗ ಅನ್ನ ಬಡಿಸುವ ಮೊದಲು ಅವನ ಕೈ ಹಿಡಿದು ನೋಡುತ್ತಿದ್ದಳು, ಚಿಕ್ಕ ಮಕ್ಕಳ ಕೈ ನೋಡುವ ಹಾಗೆ. ಆ ಹೋಳುಗಳನ್ನು ಚಿಮಟದಲ್ಲಿ ಎತ್ತಿದ್ದು ನೆನಪಿತ್ತು. ಅಚ್ಚಿನ ಮೇಲೆ ತಂದದ್ದೂ ನೆನಪಿತ್ತು. ಆಮೇಲೆ ನೆನಪಿಗೆ ಬರುವುದು ಬರೀ ಬಿಳುಪು.

ಲ್ಯಾಬಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವನು ಮೇಣದಪ್ಪ. ರೋಗಿಗಳ ಮೈಯಿಂದ ಕಿತ್ತ ಚೂರುಗಳು ಮದ್ದಿನ ನೀರಿನಲ್ಲಿ ನೆನೆದು, ಸಣ್ಣ ಸಣ್ಣ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಅವನ ಮುಂದೆ ಬರುತ್ತಿದ್ದವು. ಒಂದೊಂದನ್ನೂ ತಗಡಿನ ಅಚ್ಚಿನಲ್ಲಿಟ್ಟು, ಬಿಸಿ ಮೇಣ ಸುರಿದು, ತಣ್ಣನೆಯ ಕಲ್ಲಿನ ಮೇಲೆ ಗಟ್ಟಿ ಮಾಡುವುದು ಅವನ ಕೆಲಸ. ಹಾಗೆ ಆದ ಬ್ಲಾಕನ್ನು ಕಪಾಟಿನ ಆಚೆ ಕೂತವಳು ಮಿಷನ್ನಿಗೆ ಕಚ್ಚಿಸಿ ಈರುಳ್ಳಿ ಪೊರೆಗಿಂತ ತೆಳ್ಳಗೆ ಹೆರೆದು ಗಾಜಿಗೆ ಅಂಟಿಸುತ್ತಿದ್ದಳು. ಗಾಜಿಗೆ ಬಣ್ಣ ಹತ್ತಿಸಿದರೆ ಡಾಕ್ಟರಮ್ಮ ಮೈಕ್ರೋಸ್ಕೋಪಿನಲ್ಲಿ ನೋಡಿ ಕ್ಯಾನ್ಸರ್ ಇದೆ ಅಥವಾ ಇಲ್ಲ ಅನ್ನುತ್ತಿದ್ದರು. ಇಷ್ಟೂ ನಿಂತಿದ್ದು ಮೊದಲನೆಯ ಒಂದು ಕೆಲಸದ ಮೇಲೆ. ಯಾವ ಮಗ್ಗುಲು ಕೆಳಗೆ ಬರಬೇಕೋ ಅದೇ ಬರಬೇಕು, ಬ್ಲೇಡು ಆ ಮಗ್ಗುಲಿನಿಂದಲೇ ಹೆರೆಯುತ್ತಾ ಹೋಗುವುದು. ಮನೆಯನ್ನು ಮೇಲಿನಿಂದ ಹೆರೆದರೆ ಚಾವಣಿ ಮಾತ್ರ ಕಾಣುತ್ತದೆ. ಗೋಡೆ ಹೇಗೆ ನಿಂತಿದೆ, ಅಡಿಪಾಯ ಒಡೆದಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ನೆತ್ತಿಯಿಂದ ನೆಲದವರೆಗೆ ಸೀಳಬೇಕು. ಇದನ್ನು ಅವನಿಗೆ ಯಾರೂ ಪಾಠ ಹೇಳಿಕೊಟ್ಟಿರಲಿಲ್ಲ. ನೆಲ ಒರೆಸಲು ಸೇರಿದವನು, ನೋಡಿ ನೋಡಿ ಕಲಿತದ್ದು.

ಒಮ್ಮೆ ಮಾತ್ರ ಡಾಕ್ಟರಮ್ಮ ಹೇಳಿಕೊಟ್ಟಿದ್ದರು. ಆಗ ಅವರು ಹೊಸಬರು, ಹೇಳಿಕೊಡುವ ಹುರುಪಿತ್ತು. ಇಬ್ಬರು ಎದುರುಬದುರು ಕೂತು ಒಂದೇ ಗಾಜನ್ನು ನೋಡಬಹುದಾದ ಮೈಕ್ರೋಸ್ಕೋಪಿನ ಮುಂದೆ ಅವನನ್ನು ಕೂರಿಸಿ, "ಕರುಳಿನ ಒಳಗೋಡೆ ಇದು. ನಿಂತಿರೋದು ನೋಡಿ ಹೇಗಿದೆ, ಪ್ರಾರ್ಥನೆಗೆ ನಿಂತ ಸ್ಕೂಲ್ ಮಕ್ಕಳ ಥರ," ಅಂದಿದ್ದರು. ನಿಜವಾಗಿಯೂ ಹಾಗೇ ಇತ್ತು. ಜೀವಕೋಶಗಳು ಒಂದರ ಪಕ್ಕ ಒಂದು ಸಾಲಾಗಿ, ತಲೆ ಕರುಳಿನ ಪೊಳ್ಳಿನ ಕಡೆಗೆ, ಕಾಲು ತಳದ ಹಾಸಿನ ಮೇಲೆ. ಬಣ್ಣ ಹತ್ತಿ ನೀಲಿಯಾದ ಕೋಶಬೀಜಗಳೆಲ್ಲ ಕಾಲಿನ ಹತ್ತಿರ ಒಂದೇ ಗೆರೆಯಲ್ಲಿ. "ಮೇಲೆ ಯಾವುದು ಕೆಳಗೆ ಯಾವುದು ಅಂತ ಅವಕ್ಕೆ ಹೇಗೆ ಗೊತ್ತಾಗತ್ತೆ ಮೇಡಂ?" ಎಂದು ಅವನು ಕೇಳಿದ್ದ. "ಅಕ್ಕಪಕ್ಕದವರ ಹೆಗಲು ಬಿಗಿಯಾಗಿ ಹಿಡ್ಕೊಂಡಿರತ್ತಲ್ಲ, ಅದರಿಂದ. ಕಾಲ ಕೆಳಗೆ ಹಾಸು ಸಿಗತ್ತಲ್ಲ, ಅದರಿಂದ. ಹೆಗಲು ಹಿಡಿದ ಗೆರೆಯಿಂದ ಮೇಲಿನ ಸಾಮಾನು ಮೇಲೇ ಇರಬೇಕು, ಕೆಳಗಿಂದು ಕೆಳಗೇ. ಒಂದನ್ನ ಬಿಡಿಸಿ ಒಂಟಿಯಾಗಿ ತೇಲಿಬಿಟ್ಟರೆ ಎರಡೂ ಮರ್ತೋಗತ್ತೆ." ಮರೆತರೆ ಏನಾಗುತ್ತದೆ ಎಂದು ಕೇಳಿದ್ದಕ್ಕೆ ಡಾಕ್ಟರಮ್ಮ ಗಾಜು ಬದಲಿಸುತ್ತಾ, "ಬಹಳಷ್ಟು ಸತ್ತೋಗತ್ತೆ. ಸಾಯದೆ ಉಳಿದಿದ್ದು ನಮ್ಮ ಹತ್ರ ಬರತ್ತೆ," ಅಂದಿದ್ದರು.

ಅಕ್ಕ ತೀರಿಹೋದ ಮೇಲೆ ಈ ಮಾತು ಅವನಿಗೆ ಬೇಕಾದಾಗಲೂ ಬೇಡದಾಗಲೂ ನೆನಪಾಗುತ್ತಿತ್ತು. ಕೋಣೆಯಲ್ಲಿ ಇನ್ನೊಬ್ಬರಿದ್ದಾಗ ಒಂದು ಗೋಡೆ ತಲೆಯ ದಿಕ್ಕಾಗುತ್ತದೆ, ಇನ್ನೊಂದು ಕಾಲಿನ ದಿಕ್ಕಾಗುತ್ತದೆ. ಈಗ ಹಾಸಿಗೆ ಹೇಗೆ ಬಿದ್ದರೆ ಹಾಗೆ. ರಾತ್ರಿಯ ಅನ್ನವನ್ನು ಬೆಳಿಗ್ಗೆ ಉಣ್ಣುತ್ತಿದ್ದ, ಬೆಳಗಿನ ಸ್ನಾನವನ್ನು ಸಂಜೆ ಮಾಡುತ್ತಿದ್ದ. ಒಂದು ದಿನ ಅಂಗಿಯನ್ನು ಒಳಮಗ್ಗುಲು ಹೊರಗೆ ಮಾಡಿ ತೊಟ್ಟು ಲ್ಯಾಬಿಗೆ ಬಂದಿದ್ದ. ಸಂಜೆಯವರೆಗೆ ಯಾರೂ ಹೇಳಲಿಲ್ಲ. ಯಾರೂ ನೋಡಿರಲಿಲ್ಲ ಎಂಬುದು, ಯಾರಾದರೂ ನಕ್ಕಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು ಕಚ್ಚಿತು. ಕಣ್ಣಿನ ಆಸ್ಪತ್ರೆಗೆ ಹೋದದ್ದು ಆಮೇಲೆ. ಪೊರೆ ಬಂದಿದೆ, ದೊಡ್ಡ ವಿಷಯವಲ್ಲ, ಆಪರೇಷನ್ನಿಗೆ ಬೆಳಿಗ್ಗೆ ಬಂದರೆ ಮಧ್ಯಾಹ್ನ ಮನೆಗೆ ಹೋಗಬಹುದು ಎಂದು ಅಲ್ಲಿಯವರು ಧೈರ್ಯ ಹೇಳಿದರು. ಕೌಂಟರಿನ ಹುಡುಗಿ, "ಜೊತೆಗೆ ಯಾರು ಬರ್ತಾರೆ ಸರ್?" ಎಂದು ಕೇಳಿದಳು. ಅವನು ಬಾಯಿ ತೆರೆದ. ಹಿಂದೆ ನಿಂತಿದ್ದವರು ಕಾಯುತ್ತಿದ್ದರು. "ಒಬ್ಬರಾದ್ರೂ ಬೇಕು ಸರ್. ಮಗ, ಮಗಳು, ಪಕ್ಕದ ಮನೆಯವರಾದ್ರೂ ಪರವಾಗಿಲ್ಲ." ಕೇಳಿಕೊಂಡು ಬರುತ್ತೇನೆ ಎಂದು ಹೇಳಿ ಅವನು ಹೊರಗೆ ಬಂದಿದ್ದ. ಯಾರನ್ನು ಕೇಳುವುದು ಎಂದು ಗೇಟಿನವರೆಗೂ ಯೋಚಿಸಿದ್ದ. ಇದಾಗಿ ಎಷ್ಟೋ ತಿಂಗಳು. ಕಣ್ಣು ಹೋದರೇನು, ಕೈಗೆ ಗೊತ್ತು ಅಂದುಕೊಂಡ. ಚಿಮಟದ ತುದಿಯಲ್ಲಿ ಸೀಳಿದ ಮುಖ ಚಪ್ಪಟೆಯಾಗಿ ತಾಕುತ್ತದೆ, ಹೊರಮೈ ಜಾರುತ್ತದೆ. ಹಾಗೇ ದಿನ ದೂಡಿದ.

ಬಸ್ಸಿಳಿದು ಹಿಂಬಾಗಿಲಿನಿಂದ ಲ್ಯಾಬಿನೊಳಗೆ ಬಂದಾಗ ಕಪಾಟಿನ ಆಚೆ ಮಿಷನ್ನಿನ ಚಕ್ರ ತಿರುಗುವ ಸದ್ದು ಕೇಳಿಸಿತು. ಅವಳು ಬಂದಿದ್ದಾಳೆ. ಅವಳನ್ನು ಎಲ್ಲರೂ ಬ್ಲೇಡಕ್ಕ ಅನ್ನುತ್ತಿದ್ದರು, ಕೈಯಲ್ಲಿದ್ದುದಕ್ಕೂ ನಾಲಿಗೆಯಲ್ಲಿದ್ದುದಕ್ಕೂ ಸೇರಿಸಿ. ಅವನ ಮೇಜಿಗೂ ಅವಳ ಮೇಜಿಗೂ ನಡುವೆ ಒಂದು ಮರದ ಕಪಾಟು, ಕಪಾಟಿನ ನಡುವೆ ಟ್ರೇ ದಾಟಿಸುವಷ್ಟು ಒಂದು ಕಿಂಡಿ. ಇಬ್ಬರೂ ಮಾತು ಬಿಟ್ಟು ಎಷ್ಟು ವರ್ಷವಾಯಿತೆಂದರೆ, ಯಾಕೆ ಬಿಟ್ಟರು ಎಂದು ಕೇಳುವವರೂ ಲ್ಯಾಬಿನಲ್ಲಿ ಇರಲಿಲ್ಲ. ಯಾರದೋ ಬೀಳ್ಕೊಡುಗೆಯ ಚಹಾದ ಹೊತ್ತಿನಲ್ಲಿ ಅವಳು ಒಂದು ಬಿಸ್ಕತ್ತನ್ನು ಚಮಚದಿಂದ ಎತ್ತಿ, ಕೆನ್ನೆ ಉಬ್ಬಿಸಿ ಉಸಿರು ಬಿಗಿಹಿಡಿದು, ಕಣ್ಣು ಕಿರಿದು ಮಾಡಿ ಚಹಾದೊಳಗೆ ಇಟ್ಟಿದ್ದಳು. "ಯಾರು ಹೇಳಿ ನೋಡೋಣ?" ಎಲ್ಲರೂ ಬಿದ್ದು ಬಿದ್ದು ನಕ್ಕರು. ಡಾಕ್ಟರಮ್ಮನೂ ನಕ್ಕರು. ತನ್ನದೇ ಅಣಕ ಎಂದು ಗೊತ್ತಾಗಿಯೂ ಅವನೂ ನಕ್ಕ. ಮರುದಿನದಿಂದ ಅವಳ ಜೊತೆ ಮಾತಾಡಲಿಲ್ಲ. ಅವಳು ಕೆಲವು ದಿನ "ಅಣ್ಣಾ, ಏನಾಯ್ತು? ಹಲ್ಲುನೋವಾ?" ಎಂದು ಕೆಣಕಿದಳು, ಆಮೇಲೆ ಕೆಲವು ದಿನ ಕೆಣಕದೆ ಕೇಳಿದಳು, ಆಮೇಲೆ ಬಿಟ್ಟಳು. ಅಂದಿನಿಂದ ಟ್ರೇ ತುಂಬಿದರೆ ಅವನು ಕಪಾಟಿನ ಮರಕ್ಕೆ ಎರಡು ಸಲ ಬಡಿಯುತ್ತಿದ್ದ. ತೆಗೆದುಕೊಂಡ ಮೇಲೆ ಅವಳು ಎರಡು ಸಲ ಬಡಿಯುತ್ತಿದ್ದಳು. ಅಷ್ಟೇ. ಮಾತು ಬಿಡುವುದು ಬಹಳ ಸುಲಭ, ಹಿಡಿದ ಬ್ಯಾಗನ್ನು ಕೆಳಗಿಟ್ಟ ಹಾಗೆ. ಎಲ್ಲಿ ಇಟ್ಟೆವು ಎಂಬುದು ಆಮೇಲೆ ಮರೆತುಹೋಗುತ್ತದೆ.

ನಿನ್ನೆ ಮೂರು ಸಲ ಬಡಿದ ಸದ್ದು. ಅವನು ಗಾಬರಿಯಿಂದ ತಲೆ ಎತ್ತಿದ. ಕಿಂಡಿಯಲ್ಲಿ ಅವಳ ಗಲ್ಲ, ಬಾಯಿ ಮಾತ್ರ ಕಂಡಿತು. "ಆ ಹಸಿರು ಡಬ್ಬಿ ನಂದು," ಅಂದಳು. "ಕರುಳಿನೊಳಗೆ ಗಂಟಿತ್ತು, ತೆಗೆದ್ರು. ನೆಟ್ಟಗೆ ಇಡಿ." ಅವನು "ಹ್ಞೂ" ಅಂದ. ಇಷ್ಟು ವರ್ಷದ ಮೇಲೆ ಬಾಯಿಂದ ಬಂದ ಮಾತು ಅದು, ಹ್ಞೂ. ಡಬ್ಬಿ ತೆರೆದ. ಅಣಬೆಯಂಥ ಗಂಟು, ಡಾಕ್ಟರಮ್ಮ ಅದನ್ನು ತಲೆಯಿಂದ ತೊಟ್ಟಿನವರೆಗೆ ಸೀಳಿ ಎರಡು ಹೋಳು ಮಾಡಿದ್ದರು. ಸೀಳಿದ ಮುಖ ಕೆಳಗೆ ಬರಬೇಕು. ಚಿಮಟದಲ್ಲಿ ಎತ್ತಿದ. ಉಸಿರು ಬಿಗಿಹಿಡಿಯಲು ಹೋದವನಿಗೆ ಕಿಂಡಿಯ ಆಚೆ ಅವಳಿದ್ದಾಳೆ ಎಂಬುದು ನೆನಪಾಗಿ, ಹಟಕ್ಕೆ ಉಸಿರು ಬಿಟ್ಟ. ಕೈ ಕದಲಿತು. ಹೋಳು ಜಾರಿ, ಅಚ್ಚಿನ ತಳಕ್ಕೆ ಮೊದಲೇ ಸುರಿದಿದ್ದ ತೆಳು ಮೇಣದೊಳಗೆ ಬಿತ್ತು. ಬಿಳಿ ಮೇಣದಲ್ಲಿ ಬಿಳಿ ಹೋಳು, ಅದರ ಮೇಲೆ ಕಣ್ಣಿನ ಬಿಳುಪು. ಚಿಮಟದಿಂದ ಒತ್ತಿದ. ಚಪ್ಪಟೆ ತಾಕಿತೆಂದು ಅನಿಸಿತು. ಎರಡನೆಯದನ್ನು ಅದರ ಪಕ್ಕದಲ್ಲಿ ಹಾಗೇ ಇಟ್ಟ. ಹಾಗೇ ಅಂದರೆ ಹೇಗೆ?

"ಮೇಣದಪ್ಪಾ, ಸ್ವಲ್ಪ ಬನ್ನಿ," ಎಂದು ಈಗ ಡಾಕ್ಟರಮ್ಮ ಬಾಗಿಲಲ್ಲಿ ನಿಂತು ಕರೆದರು. ಅವರ ಕೋಣೆಯಲ್ಲಿ ಹಸಿರು ಡಬ್ಬಿಯ ನಂಬರಿನ ಗಾಜು ಮೈಕ್ರೋಸ್ಕೋಪಿನ ಕೆಳಗಿತ್ತು. ಡಾಕ್ಟರಮ್ಮ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳಿದರು. ಯಾರದೆಂದು ಅವನಿಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿದ್ದಂತಿತ್ತು. "ಜೀವಕೋಶಗಳಿಗೆ ತಲೆ ಕಾಲು ಗೊತ್ತಾಗ್ತಿಲ್ಲ ಇದರಲ್ಲಿ. ಅದು ಇರಲಿ, ಗಂಟು ಅಂದಮೇಲೆ ಅಷ್ಟು ಇರಬಹುದು. ಆದರೆ ದ್ವೀಪ ದ್ವೀಪ ಆಗಿ ಒಳಗಿನ ಪದರದಲ್ಲಿ ಕೂತಿರೋ ಹಾಗೆ ಕಾಣತ್ತೆ. ತಳದ ಹಾಸು ಒಡೆದು ಕೆಳಗಿಳಿದಿದ್ರೆ ಅಷ್ಟು ಕರುಳು ತೆಗೀಬೇಕಾಗತ್ತೆ. ತೀರಾ ಕೆಳಗಿನ ಜಾಗ ಅದು. ಆಮೇಲೆ ಮಲ ಹೋಗೋಕೆ ಹೊಟ್ಟೆ ಮೇಲೆ ಚೀಲ, ಬದುಕಿರೋವರೆಗೂ. ಹೋಳು ಮಗುಚಿ ಬಿದ್ದಿದ್ರೂ ಹೀಗೇ ಕಾಣತ್ತೆ. ಆಗ ಏನೂ ಇಳಿದಿಲ್ಲದೆಯೂ ಇರಬಹುದು. ಸರಿಯಾಗಿ ಇಟ್ಟಿದ್ರಾ?"

"ಸರಿಯಾಗೇ ಇಟ್ಟಿದ್ದೆ ಮೇಡಂ."

ಮಾತು ತಾನಾಗಿಯೇ ಬಂದಿತ್ತು, ಕಾಲು ಜಾರಿದಾಗ ಕೈ ಗೋಡೆ ಹಿಡಿಯುವ ಹಾಗೆ. ಡಾಕ್ಟರಮ್ಮ ಅವನನ್ನೇ ಒಂದು ಗಳಿಗೆ ನೋಡಿದರು. "ನೀವು ಹೇಳಿದ್ರೆ ಮುಗೀತು. ಹಾಗಾದ್ರೆ ಬ್ಲಾಕ್ ಕರಗಿಸೋದು ಬೇಡ, ಮತ್ತೆ ಹೆರೆಯೋಕೆ ಹೋಗಿ ಇರೋದೂ ಹಾಳಾದೀತು. ಮಧ್ಯಾಹ್ನ ರಿಪೋರ್ಟ್ ಬರೆದುಬಿಡ್ತೀನಿ," ಅಂದರು. ಅವರ ದನಿಯಲ್ಲಿದ್ದ ನಂಬಿಕೆ ಅವನ ಬೆನ್ನ ಮೇಲೆ ಕೈಯಿಟ್ಟು ಹೊರಗೆ ತಳ್ಳಿದಂತಾಯಿತು.

ಮೇಜಿಗೆ ಬಂದು ಕೂತ. ಡಬ್ಬಿಗಳು ಕಾಯುತ್ತಿದ್ದವು. ಒಂದನ್ನು ತೆರೆದು ಮತ್ತೆ ಮುಚ್ಚಿದ. ಇಷ್ಟು ವರ್ಷ ತನ್ನ ಕೈ ತಪ್ಪಿಲ್ಲ ಎಂಬುದೊಂದೇ ಅವನ ಕಾಲ ಕೆಳಗಿನ ಹಾಸು. ಅದನ್ನು ಬಿಟ್ಟರೆ ಕೋಣೆ ಇದೆ, ಹಾಸಿಗೆ ಇದೆ, ಯಾವ ಕಡೆ ಬೇಕಾದರೂ ಬೀಳುವ ಹಾಸಿಗೆ. ಕಪಾಟಿನ ಆಚೆ ಚಕ್ರ ನಿಧಾನ ತಿರುಗಿ ನಿಂತಿತು. ಅವಳು ಹೆರೆದ ಪೊರೆಯನ್ನು ಬಿಸಿನೀರಿನ ಮೇಲೆ ತೇಲಿಬಿಡುತ್ತಿರಬೇಕು. ಅದಕ್ಕೂ ಉಸಿರು ಬಿಗಿಹಿಡಿಯಬೇಕು, ಸ್ವಲ್ಪ ಗಾಳಿ ತಾಕಿದರೂ ಮಡಚಿಕೊಳ್ಳುತ್ತದೆ. ಅವಳೂ ಉಸಿರು ಹಿಡಿಯುತ್ತಾಳೆ ಎಂಬುದು ಅವನಿಗೆ ಅವತ್ತೇ ಗೊತ್ತಿತ್ತು. ಅವಳು ಅಣಕಿಸಿದ್ದು ತನ್ನನ್ನು ತಾನೂ ಸೇರಿಸಿಕೊಂಡೇ ಎಂದು ಅನ್ನಿಸಿದ್ದೂ ಹೌದು. ಆದರೆ ಅಷ್ಟರಲ್ಲಿ ಕೋಪ ರೂಢಿಯಾಗಿತ್ತು, ರೂಢಿಯಾದದ್ದನ್ನು ಬಿಡಲು ಕಾರಣ ಸಿಕ್ಕಿರಲಿಲ್ಲ. ಹೊಟ್ಟೆಯ ಮೇಲೆ ಚೀಲ. ಅಣಕಿಸುವಾಗ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಅವನು ಎದ್ದ. ಕಪಾಟನ್ನು ಸುತ್ತಿಕೊಂಡು ಆ ಕಡೆ ಹೋದ. ಅವಳ ಮೇಜನ್ನು ಇಷ್ಟು ವರ್ಷ ಕಿಂಡಿಯಲ್ಲಿ ಮಾತ್ರ ನೋಡಿದ್ದ. ಎದುರು ಗೋಡೆಗೆ ಕಿಟಕಿಯಿದೆ, ಕಿಟಕಿಯಲ್ಲಿ ಒಣಗಿದ ಒಂದು ಗಿಡವಿದೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಅವಳ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅದೂ ಗೊತ್ತಿರಲಿಲ್ಲ. ಅವಳು ಬ್ಲೇಡಿನಿಂದ ಕೈ ತೆಗೆದು, ಇವನು ದಾರಿ ತಪ್ಪಿ ಬಂದನೇನೋ ಎನ್ನುವ ಹಾಗೆ ನೋಡಿದಳು.

"ನಂಗೆ ಕಾಣಿಸಲಿಲ್ಲ," ಅಂದ.

"ಏನು?"

"ನಿನ್ನೆ ನಿಂದು ಇಡುವಾಗ. ಯಾವ ಮಗ್ಗುಲು ಅಂತ ಕಾಣಿಸಲಿಲ್ಲ. ಕಣ್ಣಲ್ಲಿ ಪೊರೆ ಬಂದಿದೆ. ಬೆಳಿಗ್ಗೆ ಮೇಡಂ ಕೇಳಿದ್ರು, ಸರಿಯಾಗಿದೆ ಅಂತ ಹೇಳ್ಬಿಟ್ಟೆ."

ಬೈಗುಳಕ್ಕೆ ಕಾದ. ಅವಳು ಸ್ಟ್ಯಾಂಡಿನಿಂದ ಹಸಿರು ಡಬ್ಬಿಯ ಬ್ಲಾಕನ್ನು ತೆಗೆದು ಅಂಗೈ ಮೇಲಿಟ್ಟುಕೊಂಡಳು. "ಮಗುಚಿ ಬಿದ್ದಿದೆ," ಅಂದಳು. "ನಿನ್ನೆ ಹೆರೆಯುವಾಗಲೇ ಗೊತ್ತಾಯ್ತು. ತೊಟ್ಟು ಬರಲೇ ಇಲ್ಲ, ಬರೀ ಗುಂಡುಗುಂಡಗೆ ಬಂತು."

"ಗೊತ್ತಾಗಿಯೂ ಯಾಕೆ ಹೇಳಲಿಲ್ಲ?"

"ಹೆಂಗೆ ಹೇಳೋದು? ಹಿಂದೆ ಒಂದು ಸಲ ಬಾಯಿಬಿಟ್ಟಿದ್ದಕ್ಕೆ ನೀವು ಇಷ್ಟು ವರ್ಷ ಮುಖ ತಿರುಗಿಸಿಕೊಂಡ್ರಿ." ಅವಳು ನಗಲು ಹೋದಳು, ಅದು ಅರ್ಧಕ್ಕೇ ನಿಂತಿತು. "ನೆಟ್ಟಗೆ ಇಡಿ ಅಂತ ಕೇಳೋಕೇ ರಾತ್ರಿಯೆಲ್ಲ ಅಭ್ಯಾಸ ಮಾಡಿದ್ದೆ. ಮತ್ತೆ ಹೋಗಿ ತಪ್ಪಿಟ್ಟಿದೀರಾ ಅಂತ ಹೇಳೋಕೆ ಆಗಲಿಲ್ಲ. ಮೇಣದಪ್ಪ ತಪ್ಪಿಡಲ್ಲ, ನಂಗೇ ಹೆದರಿಕೆಗೆ ಹಾಗನ್ನಿಸ್ತಿದೆ ಅಂದ್ಕೊಂಡೆ."

ಅವನು ಸ್ಟೂಲು ಎಲ್ಲಿದೆ ಎಂದು ತಡಕಿದ. ಅವಳೇ ಕಾಲಿನಿಂದ ಅದನ್ನು ಅವನ ಕಡೆ ತಳ್ಳಿ, "ಕೂರೋಕೆ ಟೈಮಿಲ್ಲ. ಬನ್ನಿ, ಕರಗಿಸೋಣ," ಅಂದಳು.

ಅವನು ತನ್ನ ಮೇಜಿನಿಂದ ಮೇಣ, ಅಚ್ಚು, ಚಿಮಟ ತಂದ. ಬಿಸಿ ಬಟ್ಟಲಿನಲ್ಲಿ ಬ್ಲಾಕು ಮೊದಲು ಅಂಚಿನಲ್ಲಿ ಬೆವರಿತು, ಆಮೇಲೆ ಕುಸಿಯಿತು. ಎರಡು ಹೋಳುಗಳು ಮೇಣದ ಕೆಳಗೆ ಸಡಿಲವಾದವು. ಅವಳು ಅವನ ಎಡಮಗ್ಗುಲಿಗೆ ನಿಂತಿದ್ದಳು, ಹೆಗಲಿಗೆ ಹೆಗಲು ತಾಕುವಷ್ಟು ಹತ್ತಿರ. ಅವಳ ಮೇಜಿನ ಮುಂದೆ ಇಬ್ಬರು ನಿಲ್ಲುವಷ್ಟು ಜಾಗವಿರಲಿಲ್ಲ. ಅವನು ಚಿಮಟವನ್ನು ಅವಳ ಕೈಗೆ ಕೊಟ್ಟ. ಅದನ್ನು ಇನ್ನೊಬ್ಬರ ಕೈಯಲ್ಲಿ ನೋಡಿದ್ದು ಅದೇ ಮೊದಲು. ಅವಳು ಒಂದೊಂದು ಹೋಳನ್ನೂ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, "ಇದು ತಲೆ. ಇದು ತೊಟ್ಟು. ಸೀಳಿದ್ದು ಇಲ್ಲಿ," ಎಂದು ಮಗುವಿಗೆ ತೋರಿಸುವ ಹಾಗೆ ತೋರಿಸಿದಳು. ಅವನಿಗೆ ಕಾಣಿಸಲಿಲ್ಲ, ಹ್ಞೂ ಅಂದ. ಹೋಳು ಅಚ್ಚಿನ ಮೇಲೆ ಬಂದಾಗ ಇಬ್ಬರೂ ಉಸಿರು ಹಿಡಿದರು. ಅವಳ ಕೆನ್ನೆ ಉಬ್ಬಿದ್ದನ್ನು ಅವನು ಓರೆಗಣ್ಣಿನಲ್ಲಿ ನೋಡಿದ. ಅವಳೂ ಅವನ ಕೆನ್ನೆಯನ್ನು ನೋಡಿದಳು. ಅವನು ಮೇಣ ಸುರಿದ.

"ಬೇರೆಯವರ ಹತ್ರ ಹೆರೆಸೋಣ," ಅಂದ.

"ಬೇಡ. ನಡುಗಿದ್ರೆ ನನ್ನ ಕೈಯೇ ನಡುಗಲಿ," ಎಂದು ಅವಳು ಬ್ಲಾಕನ್ನು ಮಿಷನ್ನಿಗೆ ಕಚ್ಚಿಸಿದಳು. ಚಕ್ರ ತಿರುಗಿತು. ಬ್ಲೇಡಿನ ಅಂಚಿನಲ್ಲಿ ಪೊರೆ ಸುರುಳಿ ಬಿಚ್ಚಿ ಬಂತು. ಅದರಲ್ಲಿ ಅಣಬೆಯ ತಲೆಯೂ ಇತ್ತು, ತೊಟ್ಟೂ ಇತ್ತು. ಅಷ್ಟು ಅವನ ಬಲಗಣ್ಣಿಗೂ ಕಾಣಿಸಿತು. ಅವಳ ಕೈ ನಡುಗಲಿಲ್ಲ. ಪೊರೆ ನೀರಿನ ಮೇಲೆ ಹರಡಿಕೊಂಡ ಮೇಲೆ ಅದನ್ನು ಗಾಜಿಗೆ ಎತ್ತಿಕೊಂಡಳು.

ಗಾಜಿಗೆ ಬಣ್ಣ ಹತ್ತಿತು. ಡಾಕ್ಟರಮ್ಮನ ಕೋಣೆಗೆ ಗಾಜು ತೆಗೆದುಕೊಂಡು ಹೋದವನು ಅವನು. ಬಾಗಿಲಲ್ಲೇ ನಿಂತು, "ಬೆಳಿಗ್ಗೆ ನಾನು ಹೇಳಿದ್ದು ಸುಳ್ಳು ಮೇಡಂ," ಅಂದ. ಕಣ್ಣಿನ ಪೊರೆಯ ವಿಷಯವನ್ನೂ, ಎಷ್ಟೋ ತಿಂಗಳಿಂದ ಹಾಗೇ ನಡೆಸಿಕೊಂಡು ಬಂದದ್ದನ್ನೂ ಹೇಳಿದ. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೋಪಗೊಂಡಿದ್ದರೆ ಸುಲಭವಿತ್ತು. "ಇಷ್ಟು ತಿಂಗಳು ನೀವಿಟ್ಟಿದ್ದೆಲ್ಲ ತಿರುಗಿ ನೋಡಬೇಕು ನಾನು," ಎಂದು ನಿಧಾನವಾಗಿ ಹೇಳಿದರು. "ಎಲ್ಲಾನೂ. ಅದರಲ್ಲಿ ಎಷ್ಟು ಜನಕ್ಕೆ ನಾನೇನು ಬರೆದು ಕಳಿಸಿದೀನೋ." ಅವನು ತಲೆ ಅಲ್ಲಾಡಿಸಿದ. ಆ ಜನ ಒಬ್ಬೊಬ್ಬರಾಗಿ ಅವನ ಬೆನ್ನ ಹಿಂದೆ ಬಂದು ನಿಂತಂತಾಯಿತು, ಮುಖವಿಲ್ಲದವರು, ನಂಬರಿನವರು. "ಕಣ್ಣು ಸರಿಮಾಡಿಸ್ಕೊಳ್ಳೋವರೆಗೆ ಮೇಣದ ಹತ್ರ ಕೂರಬೇಡಿ. ಆಮೇಲೂ ಕೂರಿಸ್ತೀನಿ ಅಂತ ಮಾತು ಕೊಡಲ್ಲ," ಎಂದು ಹೇಳಿ ಗಾಜನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟರು.

ಬಹಳ ಹೊತ್ತು ನೋಡಿದರು. ಗಾಜನ್ನು ಇತ್ತ ಸರಿಸಿದರು, ಅತ್ತ ಸರಿಸಿದರು. ಆಮೇಲೆ, "ಅವಳನ್ನ ಕರೀರಿ," ಅಂದರು.

ಅವಳು ಒದ್ದೆ ಕೈಯಲ್ಲೇ ಬಂದಳು. ಡಾಕ್ಟರಮ್ಮ ಎದ್ದು ತಮ್ಮ ಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟು, ಎದುರಿನ ಕುರ್ಚಿಯಲ್ಲಿ ಅವನನ್ನು ಕೂರಿಸಿದರು. ಅವನು ಬಲಗಣ್ಣನ್ನು ಮೈಕ್ರೋಸ್ಕೋಪಿನ ಕೊಳವೆಗೆ ಒತ್ತಿದ. ಮೊದಲು ಬರೀ ಗುಲಾಬಿ ಮಂಜು. ಆಮೇಲೆ ತೊಟ್ಟಿನ ಹತ್ತಿರ ಸಾಲು ಕಂಡಿತು, ಹೆಗಲು ಹಿಡಿದು ನಿಂತ ಹಳೆಯ ಸಾಲು, ನೀಲಿ ಬೀಜಗಳು ಕಾಲಿನ ಬಳಿ. ಮೇಲೆ, ತಲೆಯ ಕಡೆ ಹೋದಂತೆ ಸಾಲು ಕೆಟ್ಟಿತ್ತು. ಬೀಜಗಳು ಒಂದರ ಮೇಲೊಂದು ಹತ್ತಿದ್ದವು, ಯಾರು ಎತ್ತ ಮುಖ ಮಾಡಿದ್ದಾರೆ ಎಂದು ತಿಳಿಯದ ಗುಂಪು. "ಅಲ್ಲಿ ಮರೆತಿದೆ," ಎಂದು ಡಾಕ್ಟರಮ್ಮ ನಿಂತುಕೊಂಡೇ ಹೇಳಿದರು. "ಅದು ರೋಗಾನೇ, ಇಲ್ಲ ಅನ್ನಲ್ಲ. ಆದರೆ ಅದರ ಕೆಳಗಿನ ಗೆರೆ ನೋಡಿ. ಹಾಸು. ಎಲ್ಲೂ ಒಡೆದಿಲ್ಲ. ತೊಟ್ಟಿನ ಬುಡದಲ್ಲಿ ಒಳ್ಳೇದೇ ಇದೆ. ಅಂದ್ರೆ ಗಂಟಿನ ಜೊತೆಗೇ ಪೂರ್ತಿ ಬಂದಿದೆ. ಕರುಳು ತೆಗೆಯೋ ಅಗತ್ಯ ಇಲ್ಲ. ಆಗಾಗ ಬಂದು ಒಳಗೆ ನೋಡಿಸ್ಕೋಬೇಕು, ಅಷ್ಟೇ."

ಅವಳು ಕಣ್ಣು ತೆಗೆಯಲಿಲ್ಲ. "ಇಷ್ಟು ವರ್ಷ ಊರವರದ್ದೆಲ್ಲ ಹೆರೆದೆ," ಎಂದು ಮೈಕ್ರೋಸ್ಕೋಪಿನೊಳಕ್ಕೇ ಹೇಳಿದಳು. "ನಂದೂ ಅವರದ್ದರ ಥರಾನೇ ಇದೆ."

ಸಂಜೆ ಅವನು ತನ್ನ ಮೇಜನ್ನು ಒರೆಸಿದ. ಅಚ್ಚುಗಳನ್ನು ತೊಳೆದು ಬೋರಲು ಹಾಕಿದ. ಚಿಮಟವನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಿದ್ದ. ನಾಳೆಯಿಂದ ಈ ಕಡೆ ಇನ್ನೊಬ್ಬರು ಕೂರುತ್ತಾರೆ. ಕಿಂಡಿಯ ಆಚೆ ಅವಳು ಮಿಷನ್ನಿಗೆ ಹೊದಿಕೆ ಹಾಕುವ ಸದ್ದು ಕೇಳಿಸಿತು. ಅವನು ಕಿಂಡಿಗೆ ಬಗ್ಗಿ, ಯಾರಿಗೋ ದಾರಿ ಕೇಳುವ ಹಾಗೆ ಕೇಳಿದ:

"ಕಣ್ಣಿನ ಆಸ್ಪತ್ರೆಗೆ ಜೊತೆಗೆ ಒಬ್ಬರು ಬರಬೇಕಂತೆ."

ಆ ಕಡೆ ಹೊದಿಕೆಯ ಸದ್ದು ನಿಂತಿತು.

"ನನ್ನನ್ನೂ ಕೇಳಿದ್ರು," ಅಂದಳು. "ಗಂಟು ತೆಗೆಯೋ ದಿನ. ಜೊತೆಗೆ ಯಾರಿದಾರೆ ಅಂತ. ಅಣ್ಣ ಇದಾರೆ, ಹೊರಗೆ ಬೆಂಚಿನ ಮೇಲೆ ಕೂತಿದಾರೆ ಅಂತ ಹೇಳಿ ಒಳಗೆ ಹೋದೆ." ಹೊದಿಕೆಯನ್ನು ಮತ್ತೆ ಎಳೆಯುತ್ತಾ, "ಮೇಣ ಮೇಣ ವಾಸನೆ ಬರತ್ತೆ, ಗುರುತು ಸಿಗತ್ತೆ ಅಂತಾನೂ ಹೇಳಿದ್ದೆ," ಅಂದಳು.

ಆ ದಿನ ಆ ಹೊತ್ತಿನಲ್ಲಿ ಅವನು ಇಲ್ಲಿ, ಈ ಸ್ಟೂಲಿನ ಮೇಲೆ, ಕಿಂಡಿಯ ಆಚೆ ಚಕ್ರದ ಸದ್ದಿಲ್ಲ ಎಂಬುದನ್ನೂ ಗಮನಿಸದೆ ಕೂತಿದ್ದ. ಎಲ್ಲಿಯೋ ಒಂದು ಆಸ್ಪತ್ರೆಯ ಪಡಸಾಲೆಯಲ್ಲಿ ಒಂದು ಖಾಲಿ ಬೆಂಚು ಅವನ ಹೆಸರಿನಲ್ಲಿ ಬೆಳಗಿನಿಂದ ಕಾದಿತ್ತು. ಅವನು ಚಿಮಟವನ್ನು ಕಿಂಡಿಯೊಳಗೆ ಅವಳ ಕಡೆಗೆ ಇಟ್ಟು, ಮರಕ್ಕೆ ಎರಡು ಸಲ ಬಡಿದ. ಅವಳು ಅದನ್ನು ತೆಗೆದುಕೊಂಡದ್ದು ಕೇಳಿಸಿತು. ಬಡಿಯುವ ಸದ್ದಿಗೆ ಕಾದ. ಅದು ಬರಲಿಲ್ಲ. ಅವಳು ಕಪಾಟನ್ನು ಸುತ್ತಿಕೊಂಡು ಈ ಕಡೆ ಬರುತ್ತಿದ್ದಳು.